ಎರಡು ಕೈ ಎತ್ತಿ ಫ್ರಾನ್ಸಿಗೆ

ಬಂಗಾರಪೇಟೆ

ಇಂಗ್ಲೆಂಡ್ ನೋಡಲು ನಾನು ಹಡಗು ಹತ್ತಬೇಕಾಗಿರಲಿಲ್ಲ. ಚಿನ್ನದ ಗಣಿಯ ಟೈಮ್ ಆಫೀಸಿಗೆ ಗುಮಾಸ್ತನಾಗಿ ಸೇರಿದ ದಿನವೇ ಅದು ನನ್ನ ಕಣ್ಣೆದುರಿಗಿತ್ತು: ಹೂದೋಟದ ಬಂಗಲೆಗಳು, ಬಂಗಲೆಗಳ ಸುತ್ತ ಬೇಲಿ, ಬೇಲಿಯ ಒಳಗೊಂದು ಕ್ಲಬ್ಬು, ಕ್ಲಬ್ಬಿನ ಒಳಗೆ ನಾನೆಂದೂ ನೋಡದ ಏನೇನೋ. ದೇಶಕ್ಕೆ ಸ್ವಾತಂತ್ರ್ಯ ಬಂದು ಆರನೆಯ ವರ್ಷ ನಡೆಯುತ್ತಿದ್ದರೂ ನಮ್ಮ ಗಣಿಯಲ್ಲಿ ದೊರೆಗಳು ಇನ್ನೂ ದೊರೆಗಳಾಗಿಯೇ ಇದ್ದರು. ಯಾವ ಗಣಿ ಎಂದು ಕೇಳಬೇಡಿ, ನಾನಿನ್ನೂ ಅಲ್ಲೇ ಅನ್ನ ತಿನ್ನುತ್ತಿದ್ದೇನೆ.

ಹಾಗಿರುವಾಗ, "ರಜ ಹಾಕಿ ಫ್ರಾನ್ಸಿಗೆ ಹೋಗಿಬರುತ್ತೇನೆ" ಎಂದದ್ದಕ್ಕೆ ಆಫೀಸಿನವರೆಲ್ಲ ನಕ್ಕರು. ನಾನು ಹೊರಟಿದ್ದು ಪಾಂಡಿಚೇರಿಗೆ. ಆಗ ಅದು ಫ್ರೆಂಚರ ಕೈಯಲ್ಲಿತ್ತು. ರೈಲಿನಲ್ಲಿ ಕೂತರೆ ಒಂದು ದಿನದ ದಾರಿ, ಆದರೂ ಗಡಿ ದಾಟಬೇಕು, ಪೆಟ್ಟಿಗೆ ಬಿಚ್ಚಿ ತೋರಿಸಬೇಕು, ಅಲ್ಲಿ ಬೇರೆ ಬಾವುಟ, ಬೇರೆ ಪೊಲೀಸು. ಪರದೇಶ ಎನ್ನಲು ಇನ್ನೇನು ಬೇಕು?

ಜೊತೆಗಿದ್ದವನು ನನ್ನ ಸೋದರಮಾವ ಮುನಿಯಪ್ಪ. ಬೂದಿಕೋಟೆಯ ಪಕ್ಕದ ಹಳ್ಳಿಯ ರಾಗಿ ಹೊಲ ಬಿಟ್ಟು ಗಣಿಗೆ ಇಳಿದವನು. ಮೂವತ್ತು ವರ್ಷದಿಂದ ನೆಲದಡಿಯಲ್ಲಿ ಮರದ ದಿಮ್ಮಿ ನಿಲ್ಲಿಸಿ ಮೇಲಿನ ಬಂಡೆ ಬೀಳದಂತೆ ಕಾಯುವುದು ಅವನ ಕೆಲಸ. ಅಷ್ಟು ಆಳಕ್ಕೆ ದಿನಾ ಇಳಿದು ಬರುವ ಗಂಡಸು ಬಂಗಾರಪೇಟೆ ಪ್ಲಾಟ್‌ಫಾರಂನಲ್ಲಿ ಮದರಾಸಿನ ರೈಲು ಕಂಡೊಡನೆ ನನ್ನ ತೋಳು ಹಿಡಿದುಕೊಂಡ.

"ನೀರು ತಂದಿದ್ದೀಯೇನ್ಲಾ? ಪರಂಗಿಯೋರ ನೀರು ನಂಗಾಗಲ್ಲ" ಎಂದು ತಾನೇ ಒಂದು ಕೂಜದ ತುಂಬ ಬೇತಮಂಗಲದ ಕೆರೆ ನೀರು ತುಂಬಿಸಿ ತಂದಿದ್ದ. ಗಣಿಯ ನಲ್ಲಿಗಳಿಗೆ ಬರುವ ನೀರು ಅದೇ. ಗಣಿಗೆ ಬಂದಾಗಿನಿಂದ ಅದನ್ನು ಬಿಟ್ಟು ಬೇರೆ ನೀರು ಅವನ ಗಂಟಲಿಗೆ ಇಳಿದಿರಲಿಲ್ಲ.

ಹೋಗುತ್ತಿದ್ದ ಕಾರಣ ನಗುವಂಥದ್ದಲ್ಲ. ಮಾವನ ತಮ್ಮ ನಾರಣಪ್ಪ, ನನ್ನ ಚಿಕ್ಕಮಾವ, ಒಂದು ಕಾಲಕ್ಕೆ ಅದೇ ಗಣಿಯಲ್ಲಿದ್ದ. ಗಣಿಯಿಂದ ಮೇಲೆ ಬಂದವರೆಲ್ಲ ಗೇಟಿನಲ್ಲಿ ತಪಾಸಣೆಗೆ ನಿಲ್ಲಬೇಕು. ರುಮಾಲು ಬಿಚ್ಚಿ ಕೊಡವಿ, ಕಾಲು ಅಗಲಿಸಿ, ಎರಡೂ ಕೈ ಎತ್ತಿ, ಬಾಯಿ ತೆರೆದು ತೋರಿಸಬೇಕು. ಚಿನ್ನ ಕದ್ದೊಯ್ಯುತ್ತಾರೆಂಬ ಭಯ. ಇಪ್ಪತ್ತು ವರ್ಷದ ಹಿಂದೆ ಚಿಕ್ಕಮಾವನ ರುಮಾಲಿನ ಮಡಿಕೆಯಿಂದ ಹುಣಸೆ ಬೀಜದಷ್ಟು ದೊಡ್ಡ ಕಲ್ಲಿನ ಚೂರು ಉದುರಿತು. ಅದರಲ್ಲಿ ಚಿನ್ನ ಇತ್ತೋ ಇಲ್ಲವೋ, ಯಾರೂ ನೋಡಲಿಲ್ಲ. ಬಟ್ಟೆ ಬಿಚ್ಚಿಸಿ ಎಲ್ಲರ ಮುಂದೆ ನಿಲ್ಲಿಸಿದರು, ಕೆಲಸದಿಂದ ತೆಗೆದರು, ಮತ್ತೆ ಈ ಕಡೆ ಕಾಲಿಡಬೇಡ ಎಂದರು. ಆ ರಾತ್ರಿಯೇ ಹೊರಟು ಅವನು ಇಂಗ್ಲಿಷರ ಕೈಗೆ ಸಿಗದ ಪಾಂಡಿಚೇರಿ ಸೇರಿದ.

ಆಮೇಲೆ ಅವನಿಂದ ಬಂದದ್ದು ಎರಡೇ ಕಾಗದ. ಯುದ್ಧದ ಕಾಲದಲ್ಲಿ ಫ್ರೆಂಚ್ ಸೈನ್ಯ ಸೇರಿದ್ದಾಗಿ ಮೊದಲನೆಯದು. ಎರಡನೆಯದು ಬಂದದ್ದು ಈಚೆಗೆ: ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೇನೆ, ನಮ್ಮ ಡಾಕ್ಟರು ಫ್ರಾನ್ಸಿಗೆ ವಾಪಸಾಗುತ್ತಿದ್ದಾರೆ, ಜೊತೆಗೆ ನಾನೂ ಹೋಗುತ್ತೇನೆ, ಮುಂದಿನ ತಿಂಗಳು ಹಡಗು, ಇನ್ನು ಬರುವುದಿಲ್ಲ, ನೋಡಬೇಕಿದ್ದರೆ ಬನ್ನಿ.

ನಮ್ಮ ಅಜ್ಜಿಗೆ, ಅಂದರೆ ಈ ಇಬ್ಬರ ತಾಯಿಗೆ, ಕಣ್ಣು ಪೂರ್ತಿ ಹೋಗಿತ್ತು. ಬೂದಿಕೋಟೆಯ ಪಕ್ಕದ ಅದೇ ಹಳ್ಳಿಯಲ್ಲಿ ನಮ್ಮಮ್ಮನ ಜೊತೆ, ಮಕ್ಕಳು ಮರಿಗಳ ನಡುವೆ ಇದ್ದಳು. ಕಾಗದ ಓದಿಸಿಕೊಂಡವಳು ದೊಡ್ಡ ಮಗನಿಗೆ ಒಂದೇ ಮಾತು ಹೇಳಿದಳು. "ಹಡಗು ಅತ್ತೋ ಮುಂಚೆ ಒಂದ್ಸಲ ಕರ್ಕೊಂಡ್ ಬಾ. ಮುಟ್ಟಿ ನೋಡ್ಬೇಕು."

ಕಾಟ್ಪಾಡಿ ದಾಟಿದ ಮೇಲೆ

ನಾವು ಬರುವ ದಿನ, ರೈಲು ತಿಳಿಸಿ ಚಿಕ್ಕಮಾವನಿಗೆ ಮೊದಲೇ ಕಾಗದ ಹಾಕಿದ್ದೆ. ಕಾಟ್ಪಾಡಿಯಲ್ಲಿ ರೈಲು ಬದಲಿಸಿದೆವು. ಈ ಸಣ್ಣ ರೈಲಿನಲ್ಲಿದ್ದ ಗಂಡಸರೆಲ್ಲ ಬಹಳ ಸಂತೋಷವಾಗಿದ್ದರು. ಮದರಾಸಿನಲ್ಲಿ ಪಾನನಿರೋಧ, ಪಾಂಡಿಚೇರಿಯಲ್ಲಿ ಬೀದಿಗೊಂದು ಅಂಗಡಿ. ಯಾರನ್ನು ಕೇಳಿದರೂ ಚಿಕ್ಕಮ್ಮನಿಗೆ ಹುಷಾರಿಲ್ಲ, ನೋಡಲು ಹೊರಟಿದ್ದೇವೆ ಎನ್ನುವವರೇ. ಅಷ್ಟೊಂದು ಚಿಕ್ಕಮ್ಮಂದಿರಿಗೆ ಒಟ್ಟಿಗೇ ಕಾಯಿಲೆ ತಂದ ಊರನ್ನು ನೆನೆದು ನನಗೆ ಗಾಬರಿಯಾಯಿತು.

ಮಾವ ಕೂಜವನ್ನು ತೊಡೆಗಳ ನಡುವೆ ಇಟ್ಟುಕೊಂಡು ಕಿಟಕಿಯ ಆಚೆ ನೋಡುತ್ತಿದ್ದ.

"ಬತ್ತಾನೆ ಅಂತೀಯಾ?" ಎಂದು ಒಮ್ಮೆ ಕೇಳಿದ.

"ಅಣ್ಣ ಕರೆದರೆ ಬರದೆ ಇರ್ತಾನಾ ಮಾವ?"

"ನಾನು ಕರೆದ್ರೆ ಬರಲ್ಲ ಕಣ್ಲಾ" ಎಂದು ಮತ್ತೆ ಕಿಟಕಿಗೆ ತಿರುಗಿದ. ಯಾಕೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಪಾಂಡಿಚೇರಿ ಸ್ಟೇಷನ್

ಇಳಿದೊಡನೆ ಕಂಡದ್ದು ಪೊಲೀಸರ ಟೋಪಿ. ಕೆಂಪು ಬಣ್ಣ, ಡಬ್ಬಿಯ ಹಾಗೆ ಎತ್ತರ. ಬಾಯಿ ತೆರೆದು ನೋಡುತ್ತಾ ನಿಂತೆ. ಸಾಲಿನ ಕೊನೆಗೆ ಒಂದು ಮೇಜು, ಮೇಜಿನ ಹಿಂದೆ ಕಂದು ಮೀಸೆಯ ಬಿಳಿ ಅಧಿಕಾರಿ. ಬಂದವರ ಪೆಟ್ಟಿಗೆ ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಿ ಕಳಿಸುತ್ತಿದ್ದ.

ನಮ್ಮ ಸರದಿ ಬಂತು. ನಾನು ಪೆಟ್ಟಿಗೆಯ ಬೀಗ ತೆಗೆಯಲು ಬಗ್ಗಿದ್ದೆ. ತಲೆ ಎತ್ತಿ ನೋಡುತ್ತೇನೆ, ಮಾವ ಕೂಜ ಕೆಳಗಿಟ್ಟಿದ್ದಾನೆ, ರುಮಾಲು ಬಿಚ್ಚಿ ಮೂರು ಸಲ ಕೊಡವಿ ಹೆಗಲಿಗೆ ಹಾಕಿದ್ದಾನೆ, ಕಾಲು ಅಗಲಿಸಿ, ಎರಡೂ ಕೈ ಆಕಾಶಕ್ಕೆ ಎತ್ತಿ, ಬಾಯನ್ನು ಕಿವಿಯವರೆಗೂ ತೆರೆದು ನಿಂತುಬಿಟ್ಟಿದ್ದಾನೆ! ಯಾರೂ ಏನೂ ಹೇಳಿರಲಿಲ್ಲ. ಸಾಲು, ಸಾಲಿನ ಕೊನೆಗೊಬ್ಬ ದೊರೆ. ಇಷ್ಟು ಕಂಡದ್ದೇ ಮೂವತ್ತು ವರ್ಷದ ಅಭ್ಯಾಸ ಕೆಲಸ ಮಾಡಿತ್ತು.

ಅಧಿಕಾರಿ ಕುರ್ಚಿಯಿಂದ ಎದ್ದೇಬಿಟ್ಟ. ಮುದುಕ ಯಾಕೆ ತನಗೆ ಶರಣಾಗುತ್ತಿದ್ದಾನೆಂದು ಅವನಿಗೆ ಅರ್ಥವಾಗಲಿಲ್ಲ. ಪಕ್ಕದ ಕೆಂಪು ಟೋಪಿಯವನು ತಮಿಳಿನಲ್ಲಿ, "ಕೈಯೆ ಕೀಳೆ ಪೋಡುಂಗ ಪೆರಿಯವರೇ, ಇಂಗೆ ಯಾರೂ ಸುಡ ಮಾಟ್ಟಾಂಗ" ಎಂದ. ಕೈ ಇಳಿಸಿ ಹಿರಿಯರೇ, ಇಲ್ಲಿ ಯಾರೂ ಗುಂಡು ಹಾರಿಸುವುದಿಲ್ಲ ಎಂದು. ಹಿಂದಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಾಚಿಕೆಯಿಂದ ನನ್ನ ಮುಖ ಉರಿಯಿತು. ಮಾವನಿಗೆ ಮಾತ್ರ ನಗು ಕೇಳಿಸಲಿಲ್ಲ. ಇನ್ನೂ ಯಾರೂ ತಡವಲಿಲ್ಲವಲ್ಲ, ಕೈ ಹೇಗೆ ಇಳಿಸುವುದು?

ಆಗ ಬಿಳಿ ಪ್ಯಾಂಟು, ಬಿಳಿ ಷರಟು ತೊಟ್ಟ ಒಬ್ಬ ಬರಿದಲೆಯವನು ಜನರನ್ನು ಸರಿಸಿಕೊಂಡು ಬಂದ. ಮಾವನ ಎರಡೂ ಮಣಿಕಟ್ಟು ಹಿಡಿದು ಕೆಳಕ್ಕೆ ಎಳೆದ.

"ಇಳಿಸಣ್ಣ, ಇಳಿಸು" ಎಂದ. "ಇನ್ನೂ ಎತ್ತುತ್ತಾನೇ ಇದ್ದೀಯಲ್ಲ."

ಇಪ್ಪತ್ತು ವರ್ಷದ ಮೇಲೆ ಅಣ್ಣತಮ್ಮಂದಿರು ಆಡಿದ ಮೊದಲ ಮಾತು ಇದು. ಆಮೇಲೆ ಚಿಕ್ಕಮಾವ ಅಧಿಕಾರಿಯ ಕಡೆ ತಿರುಗಿ ಫ್ರೆಂಚಿನಲ್ಲಿ ಏನೋ ಹೇಳಿದ. ಆ ಬಿಳಿಯ, ನಾನು ಕಣ್ಣಾರೆ ಕಂಡೆ, ಟೋಪಿ ತೆಗೆದು ಮಾವನಿಗೆ ತಲೆಬಾಗಿಸಿದ. ಕೂಜದ ನೀರನ್ನು ಒಮ್ಮೆ ಮೂಸಿ ನೋಡಿದನಾದರೂ ಬಹಳ ಮರ್ಯಾದೆಯಿಂದ ಮೂಸಿದ.

ಕಾಲುವೆಯ ಆಚೆ ಈಚೆ

ಮಾರನೆಯ ಬೆಳಿಗ್ಗೆ ಚಿಕ್ಕಮಾವ ಊರು ತೋರಿಸಿದ. ನೇರವಾದ ಬೀದಿಗಳು, ಹಳದಿ ಗೋಡೆಗಳು, ಗೋಡೆಗಳ ಮೇಲಿಂದ ಇಣುಕುವ ಕಾಗದದ ಹೂವಿನ ಬಳ್ಳಿ. ಮೊಳದುದ್ದದ ರೊಟ್ಟಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೋಗುವ ಹೆಂಗಸರು. ಕರೆಂಟಿನ ದೀಪ ಕಂಡು ಮಾತ್ರ ನಾವು ಬೆರಗಾಗಲಿಲ್ಲ. ಬೆಂಗಳೂರಿಗಿಂತ ಮೊದಲೇ ಗಣಿಯಲ್ಲಿ ದೀಪ ಉರಿಸಿದವರು ನಾವು.

ಆಸ್ಪತ್ರೆಯ ಜಗುಲಿಯಲ್ಲಿ ಅವನ ಡಾಕ್ಟರು ಸಿಕ್ಕರು. ಬಿಳಿಯ ಗಡ್ಡ, ದಪ್ಪ ಕನ್ನಡಕ. ಚಿಕ್ಕಮಾವ ಪರಿಚಯ ಹೇಳಿದೊಡನೆ, "ಬೊಂಜೂರ್, ಮೊಸ್ಯೊ ಮುನಿಯಪ್ಪ" ಎಂದು ಕೈ ಚಾಚಿದರು. ಮಾವ ಆ ಕೈಯನ್ನೇ ನೋಡುತ್ತ ನಿಂತ. ಡಾಕ್ಟರು ತಾವೇ ಅವನ ಬಲಗೈ ಹಿಡಿದು ಕುಲುಕಿದರು. ಅವರು ಒಳಗೆ ಹೋದ ಮೇಲೂ ಮಾವ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಮೆತ್ತಗೈತೆ ಕಣ್ಲಾ ಅವರ ಕೈ" ಎಂದ ನನ್ನ ಹತ್ತಿರ. ನನ್ನ ಕಣ್ಣು ಒದ್ದೆಯಾಯಿತು. ನಮ್ಮ ದೊರೆಗಳು ಮಾವನಿಗೆ ಹೆಸರಿನ ಬದಲು ಒಂದು ಟಿಕೆಟ್ ನಂಬರ್ ಕೊಟ್ಟಿದ್ದರು. ಹೆಸರು ಹಿಡಿದು ಕರೆದ ಮೊದಲ ಬಿಳಿಯರು ಇವರು.

ಚಿಕ್ಕಮಾವ ಎದೆಯುಬ್ಬಿಸಿ ಹೇಳುತ್ತ ಹೋದ. "ಇಲ್ಲಿ ನಾನೂ ಅವರೂ ಒಂದೇ ಲೆಕ್ಕ. ಓಟೂ ಐತೆ."

"ಓಟು ನಂಗೂ ಬಂತು ಬುಡು" ಎಂದ ಮಾವ. "ಓದ್ವರ್ಷ ಬೆರಳಿಗೆ ಮಸಿ ಅಚ್ಚಿಸ್ಕೊಂಡೆ."

ಆದರೆ ಮನೆಗೆ ವಾಪಸಾಗುವಾಗ ಒಂದು ಕಾಲುವೆ ದಾಟಿದೆವು. ದಾಟಿದೊಡನೆ ಬೀದಿ ಇಕ್ಕಟ್ಟಾಯಿತು, ಹಳದಿ ಗೋಡೆ ಮುಗಿಯಿತು. ಕಾಲುವೆಯ ಆಚೆ ಬಿಳಿಯರು, ಈಚೆ ನಮ್ಮವರು. ಬೇಲಿಯ ಬದಲು ನೀರು ಹರಿಯುತ್ತಿತ್ತು, ಅಷ್ಟೇ. ಒಂದು ಶಾಲೆಯ ಕಿಟಕಿಯಿಂದ ಮಕ್ಕಳು ರಾಗವಾಗಿ ಏನೋ ಒಪ್ಪಿಸುವುದು ಕೇಳಿಸಿತು. ಏನೆಂದು ಕೇಳಿದೆ. ಫ್ರಾನ್ಸಿನ ನದಿಗಳ ಹೆಸರಂತೆ. ನಗಲು ಹೋದವನಿಗೆ ಥೇಮ್ಸ್ ನದಿಯ ಪಾಠ ಒಪ್ಪಿಸದೆ ನಾನೇ ಏಟು ತಿಂದದ್ದು ನೆನಪಾಯಿತು. ಊರ ಪಕ್ಕದ ಪಾಲಾರಿನ ಬಗ್ಗೆ ನನ್ನನ್ನೂ ಯಾರೂ ಕೇಳಿರಲಿಲ್ಲ.

ನಮ್ಮ ದೊರೆಗಳು ನಮ್ಮ ಭಾಷೆಯನ್ನು ಅಷ್ಟಿಷ್ಟು ಕಲಿತಿದ್ದಾರೆ, ಬೈಯಲು ಬೇಕಾದಷ್ಟು. ನಮ್ಮ ದೇವರು, ಜಾತಿ, ಮದುವೆ, ತಿಥಿ ಯಾವುದರ ಗೊಡವೆಗೂ ಬರುವುದಿಲ್ಲ, ಹಬ್ಬಕ್ಕೆ ರಜೆಯನ್ನೂ ಕೊಡುತ್ತಾರೆ. ನೀವು ನೀವಾಗಿಯೇ ಇರಿ, ಆದರೆ ಬೇಲಿಯಾಚೆ ಇರಿ ಎನ್ನುವ ಪೈಕಿ. ಈ ಡಾಕ್ಟರಿಗೆ ಇಷ್ಟು ವರ್ಷವಾದರೂ ತಮಿಳಿನ ಒಂದು ಪದ ಬರುವುದಿಲ್ಲ, ಆದರೆ ಚಿಕ್ಕಮಾವನಿಗೆ ತಮ್ಮ ಇಡೀ ಭಾಷೆಯನ್ನೇ ಕೊಟ್ಟಿದ್ದಾರೆ. ಇವರು ಒಳಗೆ ಕರೆಯುತ್ತಾರೆ. ಆ ಹೊತ್ತಿಗೆ ನಾನು ಪೂರ್ತಿ ಫ್ರೆಂಚರ ಪಕ್ಷವಾಗಿಬಿಟ್ಟಿದ್ದೆ.

ಊಟವಾದ ಮೇಲೆ ಚಿಕ್ಕಮಾವ ಟ್ರಂಕಿನಿಂದ ಒಂದು ಕಾಗದ ತೆಗೆದು ಹರಡಿದ. ದಪ್ಪ ಮೊಹರು, ನೀಲಿ ಶಾಯಿಯ ಸಹಿ. ಫ್ರಾನ್ಸಿನ ಪ್ರಜೆಯಾದ ಪತ್ರ.

"ಏನ್ ಬರ್ದೈತೆ?" ಮಾವ ಕೇಳಿದ.

"ನಮ್ಮಪ್ಪನ ಮನೆ ಕಟ್ಲೆ, ಜಾತಿ ಕಟ್ಲೆ ಎಲ್ಲಾ ಬುಟ್ಟೆ, ಇನ್ಮೇಲೆ ಫ್ರೆಂಚ್ ಕಾನೂನೇ ನಂದು ಅಂತ. ಎಸರೂ ಬ್ಯಾರೆ. ನಾರ್ಬೇರ್."

ಮಾವ ಆ ಮೊಹರಿನ ಮೇಲೆ ಬೆರಳಾಡಿಸಿದ. "ಅಪ್ಪ ಸತ್ತಾಗ ನೀನಿರ್ಲಿಲ್ಲ. ಮಣ್ಣು ನಾನೊಬ್ನೇ ಆಕ್ದೆ. ಈಗ ನಿಂಗೆ ಅಪ್ಪ ಅನ್ನೋನೇ ಇಲ್ಲ ಅಂತ ಬರ್ಕೊಟ್ಟಿದ್ದೀಯಲ್ಲೋ."

ಚಿಕ್ಕಮಾವ ಕಾಗದವನ್ನು ಸರಕ್ಕನೆ ಎಳೆದುಕೊಂಡ. "ಅಪ್ಪ ಇಲ್ಲ ಅಂತ ನಾನ್ ಬರ್ಕೊಟ್ಟೆ. ತಮ್ಮ ಇಲ್ಲ ಅಂತ ನೀನು ಕೈ ಎತ್ತಿ ಏಳ್ದೆ. ಆವತ್ತು ಗೇಟಲ್ಲಿ ನನ್ ಬೆನ್ನಿಂದೇನೇ ನಿಂತಿದ್ದೆ. ಒಂದ್ ಮಾತಾಡಿದ್ಯಾ? ನನ್ ಬಟ್ಟೆ ಬಿಚ್ಸ್ತಾ ಇದ್ರೆ ನಿನ್ ಪಾಡಿಗೆ ನೀನು ಕೈ ಎತ್ಕೊಂಡು, ತಡವಿಸ್ಕೊಂಡು, ಮನೆಗೋದೆ. ಆ ಗೇಟ್ ಇರೋ ದೇಸಕ್ಕೆ ನಾನ್ ಬರಲ್ಲ. ಅವ್ವಂಗೆ ಏಳು."

ರೈಲಿನಲ್ಲಿ ಮಾವ ಅಂದ ಮಾತು ಆಗ ನನಗೆ ಅರ್ಥವಾಯಿತು. ನಾವು ಬಂದ ಕೆಲಸ ಕೆಟ್ಟಿತು ಎಂದುಕೊಂಡೆ.

ಕಡಲು

ಮರುದಿನ ಬೆಳಗಾಗುವ ಹೊತ್ತಿಗೆ ಚಿಕ್ಕಮಾವನೇ ಎಬ್ಬಿಸಿದ. ಕಡಲು ತೋರಿಸದೆ ಕಳಿಸಿದರೆ ಊರಿನವರು ನಗುತ್ತಾರೆ ಎಂದ. ಮುಖ ಬಿಗಿದುಕೊಂಡೇ ಇದ್ದ.

ನಾನು ಕಡಲನ್ನು ವರ್ಣಿಸುವುದಿಲ್ಲ, ನನ್ನಿಂದ ಆಗುವುದಿಲ್ಲ. ಕೋಲಾರದ ಕೆರೆಗಳಿಗೆ ಒಂದು ಏರಿ ಇರುತ್ತದೆ, ಆಚೆ ದಡದಲ್ಲಿ ಒಂದು ಹುಣಸೆ ಮರವೋ ಬಂಡೆಯೋ ಕಾಣುತ್ತದೆ. ಇಲ್ಲಿ ಆಚೆ ದಡವೇ ಇಲ್ಲ. ನೀರಿನೊಳಗಿಂದ ಸೂರ್ಯ ಎದ್ದ, ನೀರೆಲ್ಲ ಬಂಗಾರವಾಯಿತು. ನಮ್ಮ ಗಣಿಗಳಿಂದ ಈವರೆಗೆ ತೆಗೆದದ್ದೆಲ್ಲ ಸೇರಿದರೂ ಅದರ ಒಂದು ಅಲೆಗೆ ಸಾಲದು ಅನ್ನಿಸಿ ನಾನು ಕೈ ಮುಗಿದೆ.

ಮಾವ ರುಮಾಲು ತೆಗೆದು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತ. ಅಲೆ ಬಂದು ಅವನ ಕಾಲು ತೋಯಿಸಿ ಹೋಯಿತು. "ಇದಕ್ಕೆ ಗೇಟ್ ಎಲ್ಲೈತ್ಲಾ?" ಎಂದು ಕೇಳಿದ.

"ಇದಕ್ಕೆ ಗೇಟಿಲ್ಲಣ್ಣ" ಎಂದ ಚಿಕ್ಕಮಾವ.

ಮಾವ ಮರಳಿನ ಮೇಲೆ ಕುಕ್ಕರುಗಾಲಲ್ಲಿ ಕೂತ. ತಮ್ಮನ ಮುಖ ನೋಡದೆ, ನೀರನ್ನೇ ನೋಡುತ್ತ ಹೇಳಿದ. "ಆವತ್ತು ಮ್ಯಾಲಿಂದ ಕಲ್ಲು ಉದುರ್ತು. ನಿನ್ ರುಮಾಲಿನ ಮ್ಯಾಲೆ ಬಿದ್ದಿದ್ದು ನಾನ್ ನೋಡಿದ್ದೆ. ಕೊಡವ್ಕೋ ಅಂತ ಏಳೋಣ ಅನ್ನೋಷ್ಟ್ರಲ್ಲಿ ಮ್ಯಾಕ್ಕೆ ಎತ್ತೋ ಕೇಜು ಬಂತು, ಮರ್ತೆ. ಗೇಟಲ್ಲಿ ಅದನ್ನ ಏಳಿದ್ರೆ ಸಾಕಿತ್ತು. ಬಾಯಿ ತೆರ್ಕೊಂಡೇ ಇದ್ದೆ, ಮಾತು ಬರ್ಲಿಲ್ಲ. ಕೆಲ್ಸ ಓಗ್ತದೆ ಅಂತ ಯೆದ್ರಿದೆ ಕಣಪ್ಪ. ಆವತ್ತಿಂದ ದಿನಾ ಕೈ ಎತ್ತೋವಾಗ ನೀನೇ ಮುಂದೆ ನಿಂತಂಗಾಗ್ತದೆ."

ಚಿಕ್ಕಮಾವ ಅಣ್ಣನ ಪಕ್ಕದಲ್ಲಿ, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನಲ್ಲೇ, ಒದ್ದೆ ಮರಳಿನ ಮೇಲೆ ಕೂತ.

"ಆ ಕಾಗದಕ್ಕೆ ಸಹಿ ಆಕೋ ದಿನ ನಂಗೂ ಅಂಗೇ ಆಯ್ತಣ್ಣ" ಎಂದ. "ಅಪ್ಪನ ಎಸರು ಕೇಳಿದ್ರು. ಏಳ್ದೆ. ಅದರ ಮ್ಯಾಲೆ ಗೀಟು ಎಳುದ್ರು. ಎಲ್ಲಾರೂ ಕೈ ಕುಲುಕಿದ್ರು. ಮನೇಗ್ ಬಂದು ಅನ್ನ ಸೇರ್ಲಿಲ್ಲ."

ಫ್ರೆಂಚರ ಪಕ್ಷ ವಹಿಸಿದ್ದ ನಾನು ಪೆಚ್ಚಾಗಿ ನಿಂತೆ. ಒಬ್ಬ ದೊರೆ ಅಣ್ಣನ ಮೈ ತಡವಿ ಹೊರಗಿಟ್ಟಿದ್ದ, ಇನ್ನೊಬ್ಬ ದೊರೆ ತಮ್ಮನ ಕೈ ಹಿಡಿದು ಒಳಗೆ ಕರೆದು ಹೆಸರು ತೆಗೆದುಕೊಂಡಿದ್ದ. ಇಬ್ಬರು ದೊರೆಗಳೂ ಅನ್ನ ಹಾಕಿದ್ದರು, ಸುಳ್ಳಲ್ಲ. ಆದರೆ ಆ ಇಬ್ಬರು ನರೆಗೂದಲಿನವರು ಮರಳಿನಲ್ಲಿ ಭುಜಕ್ಕೆ ಭುಜ ತಾಗಿಸಿ ಅಳುವುದನ್ನು ನೋಡಿ ನನಗೆ ಎರಡೂ ರಾಜ್ಯಗಳ ಮೇಲೆ ಒಟ್ಟಿಗೇ ಕೋಪ ಬಂತು.

"ಅವ್ವ ಏನಂದ್ಳು?" ಎಂದು ಕೊನೆಗೆ ಚಿಕ್ಕಮಾವ ಕೇಳಿದ.

"ಮುಟ್ಟಿ ನೋಡ್ಬೇಕಂತೆ."

"ಬತ್ತೀನಿ. ಊರಿಗಷ್ಟೇ. ಗೇಟ್ ತಾವ್ಕೆ ಬರಲ್ಲ."

ಮಾವ ತಟ್ಟನೆ ಎದ್ದು, ಅಲ್ಲಿಗೂ ಹೊತ್ತು ತಂದಿದ್ದ ಕೂಜದಲ್ಲಿ ಉಳಿದಿದ್ದ ಬೇತಮಂಗಲದ ನೀರನ್ನು ಕಡಲಿಗೆ ಸುರಿದು, ಕಡಲ ನೀರು ತುಂಬಿಕೊಂಡ. ಅವ್ವನಿಗೆ ತೋರಿಸಲು ಎಂದ.

ಗಡಿ, ಆಮೇಲೆ ಬೂದಿಕೋಟೆ

ವಾಪಸು ಬರುವಾಗ ತಪಾಸಣೆ ನಮ್ಮ ಸರ್ಕಾರದ್ದು. ಪಾಂಡಿಚೇರಿಯಿಂದ ಬರುವವರ ಕೂಜದಲ್ಲಿ ನೀರಿರುತ್ತದೆ ಎಂದರೆ ಯಾವ ಅಧಿಕಾರಿ ನಂಬುತ್ತಾನೆ? ನಮ್ಮವನು ಮೂಸಿದ, ವಾಸನೆ ಬರಲಿಲ್ಲ. ಇದು ಯಾವುದೋ ಹೊಸ ಸರಕು ಎಂದು ಒಂದು ಗುಟುಕು ಕುಡಿದೇಬಿಟ್ಟ. ಉಗಿದು, ಕೆಮ್ಮಿ, ಸಿಟ್ಟಿನಿಂದ ನಮ್ಮ ಮೂವರ ಪೆಟ್ಟಿಗೆಗಳನ್ನೂ ತಲೆಕೆಳಗು ಮಾಡಿಸಿದ. ಚಿಕ್ಕಮಾವ ನಗುವುದನ್ನು ನಾನು ಮೊದಲು ಕಂಡದ್ದು ಆವಾಗಲೇ.

ಬಂಗಾರಪೇಟೆಯಲ್ಲಿ ಇಳಿದು ಬೂದಿಕೋಟೆಯ ಬಸ್ಸು ಹತ್ತಿದೆವು. ಅಜ್ಜಿ ಜಗುಲಿಯ ಮೇಲೆ ಕೂತಿದ್ದಳು. ಚಿಕ್ಕಮಾವ ಹೋಗಿ ಅವಳ ಕಾಲ ಬಳಿ ಕೂತ. ಅವಳು ಯಾರೆಂದು ಕೇಳಲಿಲ್ಲ. ಎರಡೂ ಕೈಯಿಂದ ಅವನ ಹಣೆ, ಕಿವಿ, ಕತ್ತು, ಹೆಗಲು ತಡವಿದಳು. ಕೊನೆಗೆ ಕೈ ತಲೆಯ ಮೇಲೆ ನಿಂತಿತು.

"ರುಮಾಲೆಲ್ಲೋ ನಾರಣಾ?"

"ಆವತ್ತಿಂದ ಕಟ್ಟಿಲ್ಲ ಕಣವ್ವ."

ಅಜ್ಜಿ ನಮ್ಮಮ್ಮನನ್ನು ಕೂಗಿ ತಾತನ ರುಮಾಲು ತರಿಸಿದಳು. ಕಣ್ಣಿಲ್ಲದವಳು ಸುತ್ತು ತಪ್ಪದೆ ಕಟ್ಟಿದಳು. ಫ್ರೆಂಚ್ ಪ್ಯಾಂಟಿನ ಮೇಲೆ ಕೆಂಪಂಚಿನ ಕೋಲಾರದ ರುಮಾಲು ಕಟ್ಟಿಕೊಂಡು, ಕೂತಲ್ಲಿಂದ ಏಳದೆ, ಚಿಕ್ಕಮಾವ ಚಿಕ್ಕ ಮಗುವಿನ ಹಾಗೆ ಅತ್ತ. ಕಡಲ ನೀರನ್ನು ನಾಲಿಗೆಗೆ ತಾಗಿಸಿಕೊಂಡ ಅಜ್ಜಿ, "ಇದೂ ಕಣ್ಣೀರಿನಂಗೇ ಐತೆ, ಇದನ್ನ ದಾಟಿ ಓಗ್ಬೇಕೇನೋ?" ಎಂದಳು. ಅವನು ಹೂಂ ಎಂದ.

ಮೂರು ದಿನವಿದ್ದು ಹೊರಟ. ಬಂಗಾರಪೇಟೆ ಪ್ಲಾಟ್‌ಫಾರಂನಲ್ಲಿ ರೈಲು ಹೊರಡುವಾಗ ಕಿಟಕಿಯಿಂದ ಕೈ ಚಾಚಿದ. ಮಾವ ಈ ಸಲ ತಡಮಾಡಲಿಲ್ಲ. ಹಿಡಿದು, ರೈಲಿನ ಜೊತೆ ಹತ್ತು ಹೆಜ್ಜೆ ಓಡಿ, ಬಿಟ್ಟ. ತಾತನ ರುಮಾಲು ಕಿಟಕಿಯಲ್ಲಿ ಬಹು ದೂರದವರೆಗೆ ಕಾಣುತ್ತಿತ್ತು.

ಗೇಟು

ಸೋಮವಾರ ನಾನು ನನ್ನ ಕೋಣೆಯಿಂದ ಎಂದಿನಂತೆ ಆಫೀಸಿಗೆ ಹೋದೆ. ನನ್ನ ಮೇಜಿನ ಪಕ್ಕದ ಕಿಟಕಿಗೆ ಗೇಟು ಕಾಣುತ್ತದೆ. ಶಿಫ್ಟು ಬಿಟ್ಟಿತು. ಮಣ್ಣು ಮೆತ್ತಿದ ಸಾಲು ಬಂತು, ಅದರಲ್ಲಿ ಮಾವ.

ಗೇಟಿನ ವಾಚ್‌ಮನ್ ಅಂತೋಣಿ ಹದಿನೈದು ವರ್ಷದಿಂದ ಮಾವನ ಮೈಯನ್ನು ದಿನಕ್ಕೊಂದು ಸಲ ತಡವಿದವನು. ಮಾವ ರುಮಾಲು ಬಿಚ್ಚಿ ಕೊಡವಿದ. ಕೈ ಎತ್ತಲಿಲ್ಲ. "ಕೈ ತೂಕ್ಕು, ಮುನಿಯಪ್ಪಾ" ಎಂದ ಅಂತೋಣಿ. ಮೇಲಿನ ವೆರಾಂಡದಲ್ಲಿ ದೊರೆಯೊಬ್ಬ ಪೈಪು ಸೇದುತ್ತ ನಿಂತಿದ್ದ. ನನ್ನ ಪೆನ್ನು ನಿಂತಿತು. ಮೂವತ್ತು ವರ್ಷದ ಅನ್ನ ಈಗ ಹೋಯಿತು ಎಂದುಕೊಂಡೆ.

ಮಾವ ಬಲಗೈಯನ್ನು ಮುಂದಕ್ಕೆ ಚಾಚಿದ.

"ಎನ್ನಾದು?" ಅಂತೋಣಿಗೆ ಅರ್ಥವಾಗಲಿಲ್ಲ.

"ಮೊದ್ಲು ಕೈ ಕೊಡಪ್ಪ. ಆಮೇಲೆ ತಡವು."

ಅಂತೋಣಿ ವೆರಾಂಡದ ಕಡೆ ನೋಡಿದ. ಸಾಲನ್ನು ನೋಡಿದ. ತನ್ನ ಅಂಗೈಯನ್ನು ನಿಕ್ಕರಿಗೆ ಒರೆಸಿಕೊಂಡು ಆ ಕೈ ಹಿಡಿದ. ಆಮೇಲೆ ತಡವಿದ, ತಡವಲೇಬೇಕು, ಅದು ಅವನ ಕೆಲಸ. ಆದರೆ ಮಾವನ ತೋಳುಗಳು ಕೆಳಗೇ ಇದ್ದವು. ಅಂತೋಣಿಯೇ ಬಗ್ಗಿ, ಅವುಗಳ ಸುತ್ತ ಕೈ ಹಾಯಿಸಿ ತಡವಿ ಮುಗಿಸಿದ. ಮಾವ ರುಮಾಲು ಕಟ್ಟಿಕೊಂಡು ಹೊರಗೆ ನಡೆದ.

ಸಾಲಿನಲ್ಲಿ ಅವನ ಹಿಂದಿದ್ದವನು ಒಂದು ಹೆಜ್ಜೆ ಮುಂದೆ ಬಂದ. ಎತ್ತಲು ಹೋದ ಕೈಗಳನ್ನು ಅರ್ಧಕ್ಕೇ ಇಳಿಸಿ, ಬಲಗೈ ಚಾಚಿದ.